ಬೈರಕೂರಿನ ಎಳೆಬಿಸಿಲು

ಕರ್ನಾಟಕದ ನಾಲ್ಕು ತುದಿಗಳನ್ನು ಶಾಲೆಯ ಭೂಪಟದಲ್ಲಿ ಹುಡುಕಿದ್ದೀರಾ, ಮಕ್ಕಳೇ? ಉತ್ತರದ ತುದಿ ಬೀದರ್ ಜಿಲ್ಲೆಯಲ್ಲಿದೆ. ದಕ್ಷಿಣದ ತುದಿ ಚಾಮರಾಜನಗರ ಜಿಲ್ಲೆಯಲ್ಲಿ. ಪಶ್ಚಿಮಕ್ಕೆ ಕಾರವಾರದ ಕಡಲು. ಪೂರ್ವದ ತುದಿ ಎಲ್ಲಿ ಗೊತ್ತೇ? ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ. 'ಮೂಡಲ ಬಾಗಿಲು' ಎನ್ನುವುದೇ ಜನರ ಬಾಯಲ್ಲಿ ಮುಳಬಾಗಿಲು ಆಯಿತು ಎನ್ನುತ್ತಾರೆ. ಹೊಯ್ಸಳರ ಶಾಸನಗಳು ತಮ್ಮ ರಾಜ್ಯದ ಪೂರ್ವದ ಗಡಿಯೆಂದು ಹೆಸರಿಸುವ ನಂಗಲಿ ಇರುವುದೂ ಈ ಸೀಮೆಯಲ್ಲೇ.

ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ವಾಲಿ ಹುಟ್ಟುತ್ತಾನೆ. ಹಾಗಾಗಿ ಡಿಸೆಂಬರ್‌, ಜನವರಿ ತಿಂಗಳಲ್ಲಿ ಕರ್ನಾಟಕದ ಮೊದಲ ಬಿಸಿಲು ಬೀಳುವುದು ಈ ಮೂಡಲ ಗಡಿಯ ಹಳ್ಳಿಗಳ ಮೇಲೆ. ಇಲ್ಲಿ ಹೊತ್ತು ಹುಟ್ಟಿ ಸುಮಾರು 20 ನಿಮಿಷ ಕಳೆದ ಮೇಲೆ ಕಾರವಾರದವರಿಗೆ ಸೂರ್ಯ ಕಾಣುತ್ತಾನೆ. ಆ ಮೊದಲ ಬಿಸಿಲಿನ ಸೀಮೆಯ ಒಂದು ಊರು ಬೈರಕೂರು. ಈ ವಾರ ಅಲ್ಲಿಗೆ ಹೋಗಿ ಬರೋಣ. ಅಲ್ಲಿನ ಚಳಿಯನ್ನೂ, ಚಳಿಯಲ್ಲಿ ಮನಸ್ಸಿಗೆ ಕವಿಯುವ ಮಂಕನ್ನೂ, ಆ ಮಂಕನ್ನು ಕಳೆಯುವ ದಾರಿಯನ್ನೂ ನೋಡೋಣ.

ಎರಡು ಮಾತಿನ ಊರು

ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಲಾರ ದಾಟಿದರೆ ಮುಳಬಾಗಿಲು. ಅಲ್ಲಿ ಇಳಿದವರು ತುಪ್ಪದ ಘಮಘಮ ದೋಸೆ ತಿನ್ನದೆ ಮುಂದಕ್ಕೆ ಹೋಗುವುದು ಕಡಿಮೆ. ಬೈರಕೂರು ಇದೇ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಆಂಧ್ರದ ಚಿತ್ತೂರು ಜಿಲ್ಲೆಯ ಗಡಿ ಇಲ್ಲಿಗೆ ಹತ್ತಿರ. ದುಂಡು ಬಂಡೆಗಳ ಗುಡ್ಡಗಳು, ಕೆರೆಗಳು, ರಾಗಿ ಹೊಲಗಳು, ಕೋಲು ನೆಟ್ಟು ಬೆಳೆಸಿದ ಟೊಮೇಟೊ ತೋಟಗಳು, ಹಿಪ್ಪುನೇರಳೆ, ದಾರಿಬದಿಯ ಹುಣಸೆ ಮರಗಳು ಈ ಸೀಮೆಯ ನೋಟ. ವರ್ಷವಿಡೀ ಹರಿಯುವ ನದಿ ಕೋಲಾರ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೆರೆಯೇ ಇವರ ನದಿ.

ಇಲ್ಲಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಟದ ಬಯಲಿನಲ್ಲಿ ಎರಡನ್ನೂ ಕಲಸಿ ಮಾತಾಡುವುದುಂಟು. ಕನ್ನಡದ 'ಚಳಿ' ತೆಲುಗಿನಲ್ಲಿ 'ಚಲಿ'. ಯಾವ ಮಾತಿನಲ್ಲಿ ಹೇಳಿದರೂ ಹಲ್ಲು ಕಟಕಟ ಎನ್ನುವುದು ಒಂದೇ ತರಹ!

ಮುಳಬಾಗಿಲು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಈ ಕಡೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಕ್ಕೆ. ಕೆರೆಯ ಮೇಲೆ ಮಂಜು ಕೂತಿರುತ್ತದೆ. ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು ಕಿವಿ ಮುಚ್ಚುವ ಹಾಗೆ ಟವೆಲು ಸುತ್ತಿಕೊಂಡಿರುತ್ತಾರೆ.

ಮೋಡ ಮನಸ್ಸಿಗೂ ಕವಿಯುತ್ತದೆ

ಚಳಿ ಒಂದೇ ಆಗಿದ್ದರೆ ಕಂಬಳಿ ಸಾಕಿತ್ತು. ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಮಲೆನಾಡಿಗೆ ಮಳೆ ತರುವುದು ಜೂನ್ ತಿಂಗಳ ಮುಂಗಾರು. ಕೋಲಾರಕ್ಕೆ ಅದರ ಜೊತೆಗೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರೂ ಮುಖ್ಯ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಸಾಕು, ಇಲ್ಲಿ ಮೋಡ ಕಟ್ಟಿ ಜಡಿಮಳೆ ಹಿಡಿಯುತ್ತದೆ. 2021ರ ನವೆಂಬರ್‌ನಲ್ಲಿ ಹಾಗೆ ಸುರಿದ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಹರಿದವು. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಹತ್ತಿದಾಗಲೂ ಈ ಕಡೆ ಮೋಡ, ಮಳೆ, ಶೀತಗಾಳಿ.

ಕೆರೆಗೆ ನೀರು ಬಂದರೆ ಊರಿಗೆ ಹಬ್ಬ, ನಿಜ. ಆದರೆ ಮೂರು ನಾಲ್ಕು ದಿನ ಸೂರ್ಯನೇ ಕಾಣದಿದ್ದರೆ? ತಾತನಿಗೆ ಮಂಡಿ ನೋವು ಹೆಚ್ಚುತ್ತದೆ. ಬಾಗಿಲಾಚೆ ಕಾಲಿಡುವ ಮನಸ್ಸಾಗುವುದಿಲ್ಲ. ಕಂಬಳಿ ಹೊದ್ದು ಒಳಮನೆಯಲ್ಲೇ ಕೂರುತ್ತಾರೆ. ಹಗಲು ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಫೋನು ಬರುವುದು ಭಾನುವಾರ. ಅಜ್ಜಿಗೆ ಊಟ ರುಚಿಸುವುದಿಲ್ಲ, "ಯಾಕೋ ಏನೂ ಬೇಡ ಅನ್ನಿಸ್ತದೆ" ಎನ್ನುತ್ತಾರೆ. ಶಾಲೆಗೆ ಹೋಗುವ ಮೊಮ್ಮಗಳಿಗೆ ಬೆಳಿಗ್ಗೆ ಏಳುವುದೇ ಶಿಕ್ಷೆ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ.

ಮನೆಯವರು ಏನೆನ್ನುತ್ತಾರೆ? ತಾತನಿಗೆ "ವಯಸ್ಸಾಯ್ತು". ಅಜ್ಜಿಗೆ "ಸುಮ್ಮನೆ ಏನಾದ್ರೂ ಯೋಚನೆ ಮಾಡ್ತಾ ಕೂತಿರ್ತಾಳೆ". ಹುಡುಗಿಗೆ "ಸೋಮಾರಿ". ಮೂವರಿಗೂ ಒಂದೇ ಮಂಕು ಕವಿದಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಹೀಗೆ ಬೈಸಿಕೊಂಡವರು ಇನ್ನಷ್ಟು ಒಳಕ್ಕೆ ಸರಿಯುತ್ತಾರೆ. ಕತ್ತಲೆಗೆ ಕತ್ತಲೆ ಸೇರುತ್ತದೆ.

ತಲೆಯೊಳಗೊಂದು ಗಡಿಯಾರ

ಬೆಳಕಿಗೂ ಮನಸ್ಸಿಗೂ ಏನು ಸಂಬಂಧ? ನಮ್ಮ ಮೆದುಳಿನಲ್ಲಿ ಒಂದು ಪುಟ್ಟ ಗಡಿಯಾರವಿದೆ. ಯಾವಾಗ ನಿದ್ದೆ ಬರಬೇಕು, ಯಾವಾಗ ಹಸಿಯಬೇಕು, ಯಾವಾಗ ಚುರುಕಾಗಬೇಕು ಎಂದು ದೇಹಕ್ಕೆ ಹೇಳುವುದು ಅದೇ. ಇಂಥ ಗಡಿಯಾರ ಜೀವಕೋಶಗಳ ಒಳಗೆ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರು ಇದನ್ನು ಕಂಡುಕೊಂಡದ್ದು ಬಾಳೆಹಣ್ಣಿನ ಸುತ್ತ ಹಾರುವ ಪುಟಾಣಿ ನೊಣಗಳಲ್ಲಿ!

ಈ ಗಡಿಯಾರಕ್ಕೆ ದಿನಾ ಕೀಲಿ ಕೊಡಬೇಕು. ಕೀಲಿ ಕೊಡುವುದು ಕಣ್ಣಿನ ಮೂಲಕ ಒಳಬರುವ ಬೆಳಗಿನ ಬೆಳಕು. ಕತ್ತಲಾದಾಗ ಮೆದುಳು ಮೆಲಟೋನಿನ್ ಎಂಬ ರಸವನ್ನು ಬಿಟ್ಟು 'ಮಲಗುವ ಹೊತ್ತಾಯಿತು' ಎನ್ನುತ್ತದೆ. ಬೆಳಗಿನ ಬೆಳಕು ಬಿದ್ದರೆ 'ಏಳು' ಎನ್ನುತ್ತದೆ. ಹಗಲಿಡೀ ಮಬ್ಬು ಕೋಣೆಯಲ್ಲಿ ಕೂತವರ ಗಡಿಯಾರ ಹಿಂದೆ ಮುಂದೆ ಓಡಲಾರಂಭಿಸುತ್ತದೆ. ನಿದ್ದೆ ಕೆಡುತ್ತದೆ, ಹುಮ್ಮಸ್ಸು ಕುಗ್ಗುತ್ತದೆ.

ಬೆಳಕನ್ನು 'ಲಕ್ಸ್' ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ರಾತ್ರಿ ದೀಪ ಹಾಕಿದ ನಮ್ಮ ಮನೆಯ ಕೋಣೆಯಲ್ಲಿ ಇರುವುದು 100ರಿಂದ 300 ಲಕ್ಸ್. ಮೋಡ ಮುಸುಕಿದ ಹಗಲಲ್ಲೂ ಹೊರಗಡೆ ಕೆಲವು ಸಾವಿರ ಲಕ್ಸ್ ಇರುತ್ತದೆ. ನಡುಹಗಲಿನ ನೇರ ಬಿಸಿಲಿಗೆ ಅದು ಒಂದು ಲಕ್ಷದವರೆಗೆ ಏರುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ಗೊತ್ತಾಗುವುದಿಲ್ಲ. 'ಇವತ್ತು ಬಿಸಿಲೇ ಇಲ್ಲ, ಹೊರಗೆ ಹೋಗಿ ಏನು ಮಾಡೋದು' ಎನ್ನುವವರು ಈ ಲೆಕ್ಕ ನೆನಪಿಡಬೇಕು. ಮೋಡದ ದಿನದ ಅಂಗಳ ಕೂಡ ಟ್ಯೂಬ್‌ಲೈಟಿನ ಕೋಣೆಗಿಂತ ಹತ್ತಾರು ಪಟ್ಟು ಬೆಳಕಿನದು.

ಸೂರ್ಯನಿಲ್ಲದ ಊರಿನವರು

ನಿಜ ಹೇಳಬೇಕೆಂದರೆ ನಮ್ಮ ಚಳಿಗಾಲದ ಕತ್ತಲೆ ಚಿಕ್ಕದು. ಬೈರಕೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಆಸುಪಾಸಿನ ಅತಿ ಚಿಕ್ಕ ಹಗಲೂ ಇಲ್ಲಿ 11 ಗಂಟೆ 20 ನಿಮಿಷ ದಾಟುತ್ತದೆ. ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಇದಕ್ಕೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಕಡಿಮೆ. ಮಧ್ಯಾಹ್ನ ನಾಲ್ಕಕ್ಕೇ ದೀಪ ಹಚ್ಚಬೇಕು. ಮಗನ ಮನೆಗೆಂದು ಚಳಿಗಾಲದಲ್ಲಿ ಇಂಗ್ಲೆಂಡಿಗೋ ಕೆನಡಾಕ್ಕೋ ಹೋದ ನಮ್ಮ ಅಜ್ಜ ಅಜ್ಜಿಯರು "ಅಲ್ಲಿ ಎಲ್ಲಾ ಇದೆ, ಆದರೆ ಮನಸ್ಸು ನಿಲ್ಲಲ್ಲ" ಎನ್ನುವುದುಂಟು. ಊರಿನ ನೆನಪು ಒಂದು ಕಾರಣ. ಬೆಳಕಿನ ಅಭಾವವೂ ಕಾರಣವಾಗಿರಬಹುದು.

ಪ್ರತಿ ಚಳಿಗಾಲಕ್ಕೂ ತಪ್ಪದೆ ಬಂದು, ಬೇಸಿಗೆ ಹತ್ತಿರವಾದಂತೆ ಕರಗುವ ಇಂಥ ಖಿನ್ನತೆಯನ್ನು ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು 1984ರಲ್ಲಿ ವಿವರಿಸಿ ಅದಕ್ಕೊಂದು ಹೆಸರು ಕೊಟ್ಟರು. ಆ ದೇಶಗಳಲ್ಲಿ ಇದಕ್ಕೆ ಒಂದು ಚಿಕಿತ್ಸೆಯೆಂದರೆ ಬೆಳಕೇ! 10,000 ಲಕ್ಸ್ ಬೆಳಕು ಕೊಡುವ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ಅವರು ದುಡ್ಡು ಕೊಟ್ಟು ಪೆಟ್ಟಿಗೆಯಲ್ಲಿ ತರುವುದನ್ನು ಬೈರಕೂರಿನ ಜಗುಲಿಗೆ ಸೂರ್ಯ ಪುಕ್ಕಟೆಯಾಗಿ ತಂದು ಸುರಿಯುತ್ತಾನೆ.

ನಾರ್ವೆ ದೇಶದ ತ್ರೊಮ್ಸೊ ಎಂಬ ಊರಿನ ಕತೆ ಕೇಳಿ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಜನವರಿ 21ರ ಸುಮಾರಿಗೆ ಬೆಟ್ಟದ ಅಂಚಿನಲ್ಲಿ ಅವನು ಮತ್ತೆ ಇಣುಕಿದಾಗ ಊರಿಗೆ ಊರೇ 'ಸೂರ್ಯನ ದಿನ' ಆಚರಿಸುತ್ತದೆ. ಮಕ್ಕಳಿಗೆ ಅಂದು ವಿಶೇಷ ಸಿಹಿ ಬನ್ನು. ನಮ್ಮ ಎಳ್ಳುಬೆಲ್ಲಕ್ಕೆ ಅದು ದೂರದ ಅಣ್ಣನೋ ತಮ್ಮನೋ ಇರಬೇಕು!

ಕಣ, ಅವರೆ, ರಂಗೋಲಿ

ಲಕ್ಸ್, ಮೆಲಟೋನಿನ್ ಎಂಬ ಮಾತುಗಳನ್ನು ಕೇಳದಿದ್ದ ಕಾಲದಲ್ಲೂ ಈ ಸೀಮೆಯ ಹಿರಿಯರು ಚಳಿಗಾಲವನ್ನು ಕಳೆದದ್ದು ಹೇಗೆ? ಅವರ ಚಳಿಗಾಲದ ಕೆಲಸಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಮೊದಲನೆಯದು ರಾಗಿ. ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ದ ಬೆಳೆಯನ್ನು ಮೆದೆ ಹಾಕಿ, ಸಗಣಿ ಸಾರಿಸಿದ ಕಣದಲ್ಲಿ ಹರಡಿ, ಎತ್ತು ಕಟ್ಟಿ ಗುಂಡು ಎಳೆಸುತ್ತಿದ್ದರು. ಗಾಳಿ ನೋಡಿ ತೂರಬೇಕು, ಮೊರದಲ್ಲಿ ಕೇರಬೇಕು. ಕಾಯಲು ತಾತ, ಊಟ ತರಲು ಅಜ್ಜಿ, ಹುಲ್ಲಿನ ಮೇಲೆ ಉರುಳಾಡಲು ಮಕ್ಕಳು. ವಾರಗಟ್ಟಲೆ ಇಡೀ ಮನೆಯೇ ಬಿಸಿಲಿನಲ್ಲಿ.

ಎರಡನೆಯದು ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ. ಬುಟ್ಟಿ ತುಂಬ ಕಾಯಿ ಮನೆಗೆ ಬಂದರೆ ಬಿಡಿಸಲು ಒಬ್ಬರ ಕೈ ಸಾಲದು. ಜಗುಲಿಯ ಮೇಲೆ ಅಕ್ಕಪಕ್ಕದ ಮನೆಯ ನಾಲ್ಕು ಜನ ಸೇರುತ್ತಾರೆ. ಕಾಳನ್ನು ನೆನೆಹಾಕಿ ಒಂದೊಂದನ್ನೇ ಹಿತುಕಿದರೆ ಸಿಪ್ಪೆಯಿಂದ ಬೇಳೆ ಚಂಗನೆ ಹಾರುತ್ತದೆ. ಹಿತುಕಿದ ಬೇಳೆ ಸಾರು, ಬಿಸಿ ರಾಗಿಮುದ್ದೆ ಇದ್ದ ದಿನ 'ಏನೂ ರುಚಿಸಲ್ಲ' ಎಂದ ಅಜ್ಜಿಯೂ ಎರಡು ತುತ್ತು ಹೆಚ್ಚು ತಿಂದಾರು.

ಮೂರನೆಯದು ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ, ಏಳಲು ಮನಸ್ಸೇ ಬಾರದ ಕಾಲದಲ್ಲಿ, ಹೊತ್ತಿಗೆ ಮುಂಚೆ ಎದ್ದು ಪೂಜೆ. ದೇವಸ್ಥಾನದಲ್ಲಿ ಬಿಸಿ ಹುಗ್ಗಿಯ ಆಸೆ ಇಲ್ಲದಿದ್ದರೆ ಮಕ್ಕಳು ಏಳುತ್ತಿದ್ದರೇ? ಅಂಗಳಕ್ಕೆ ನೀರು ಹಾಕಿ ದೊಡ್ಡ ರಂಗೋಲಿ ಬಿಟ್ಟು, ಸಗಣಿಯ ಉಂಡೆ ಇಟ್ಟು ಅದರ ನೆತ್ತಿಗೆ ಕುಂಬಳದ ಹೂ ಸಿಕ್ಕಿಸುತ್ತಾರೆ. ತೆಲುಗಿನವರು ಅದನ್ನು 'ಗೊಬ್ಬೆಮ್ಮ' ಎಂದು ಕರೆಯುತ್ತಾರೆ. ರಂಗೋಲಿ ಮುಗಿಯುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ.

ಆಮೇಲೆ ಸಂಕ್ರಾಂತಿ. ಕೊಬ್ಬರಿ, ಬೆಲ್ಲ ಹೆಚ್ಚಿ ನಾಲ್ಕು ದಿನ ಮೊದಲೇ ಬಿಸಿಲಿಗೆ ಒಣಹಾಕಬೇಕು. ಕಾಗೆ ಕಾಯಲು ಒಬ್ಬರು ಬೇಕು. ಕದ್ದು ತಿನ್ನುವ ಮೊಮ್ಮಕ್ಕಳನ್ನು ಕಾಯಲು ಇನ್ನೊಬ್ಬರು! ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಎಳ್ಳು ಹಿಡಿದು ಮನೆಮನೆಗೆ ಹೋಗುವ ಮಕ್ಕಳು ಒಂಟಿಯಾಗಿ ಕೂತ ಹಿರಿಯರ ಬಾಗಿಲನ್ನೂ ತಟ್ಟುತ್ತಾರೆ.

ಈ ಎಲ್ಲದರಲ್ಲೂ ಮೂರು ಅಂಶಗಳು ಸಮಾನವಾಗಿವೆ, ಗಮನಿಸಿದಿರಾ? ಹೊರಗಿನ ಬೆಳಕು, ಕೈಗೊಂದು ಹಗುರ ಕೆಲಸ, ಪಕ್ಕದಲ್ಲಿ ಒಬ್ಬರಾದರೂ ಜೊತೆ. ಇಂದಿನ ಮನೋವೈದ್ಯರು ಕುಗ್ಗಿದ ಮನಸ್ಸಿನವರಿಗೆ ಹೇಳುವ ಸಲಹೆಗಳಲ್ಲಿ ಈ ಮೂರೂ ಇವೆ. 'ಮನಸ್ಸಾದ ಮೇಲೆ ಮಾಡೋಣ' ಎಂದು ಕಾಯಬೇಡಿ, ಚಿಕ್ಕದೊಂದು ಕೆಲಸ ಹಿಡಿಯಿರಿ, ಮನಸ್ಸು ಹಿಂದೆಯೇ ಬರುತ್ತದೆ ಎನ್ನುತ್ತಾರೆ ಅವರು.

ಈಗ ಬೇಕೆಂದೇ ಮಾಡಬೇಕು

ಈಗ ಒಕ್ಕಣೆ ಯಂತ್ರ ಬಂದು ವಾರದ ಕೆಲಸವನ್ನು ಗಂಟೆಗಳಲ್ಲಿ ಮುಗಿಸುತ್ತದೆ. ರೈತನ ಬೆನ್ನಿಗೆ ಅದು ಒಳ್ಳೆಯದೇ. ಹಿತುಕಿದ ಬೇಳೆ ಪೇಟೆಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಎಳ್ಳುಬೆಲ್ಲವೂ ಅಷ್ಟೇ. ಜಗುಲಿಯಿಲ್ಲದ ಮನೆಗಳು ಎದ್ದಿವೆ. ತಾತ ಟಿವಿಯ ಮುಂದೆ, ಮೊಮ್ಮಗ ಮೊಬೈಲಿನ ಮುಂದೆ. ಮೊದಲು ಕೆಲಸದ ಬೆನ್ನು ಹತ್ತಿ ತಾನಾಗಿ ಸಿಗುತ್ತಿದ್ದ ಬಿಸಿಲು, ಜೊತೆ ಈಗ ತಾನಾಗಿ ಸಿಗುವುದಿಲ್ಲ. ಬೇಕೆಂದೇ ಮಾಡಿಕೊಳ್ಳಬೇಕು. ಅದಕ್ಕೆ ಹೆಚ್ಚೇನೂ ಬೇಡ.

ಸೂರ್ಯ ಹುಟ್ಟಿದ ಮೇಲೆ ಒಂದು ಗಂಟೆಯೊಳಗೆ ಅರ್ಧ ಗಂಟೆ ಹೊರಗೆ ಕೂರಿ ಅಥವಾ ನಡೆಯಿರಿ. ಸೂರ್ಯನನ್ನು ನೇರವಾಗಿ ದಿಟ್ಟಿಸಬೇಡಿ, ಕಣ್ಣಿಗೆ ಕೆಡುಕು. ಸುತ್ತಲಿನ ಬೆಳಕು ಕಣ್ಣಿಗೆ ಬಿದ್ದರೆ ಸಾಕು. ರಕ್ತದೊತ್ತಡ, ಹೃದಯದ ತೊಂದರೆ, ದಮ್ಮು ಇರುವ ಹಿರಿಯರು ನಸುಕಿನ ಕೊರೆಯುವ ಚಳಿಗೆ ಹೊರಡಬಾರದು. ಬಿಸಿಲು ಬಂದ ಮೇಲೆ ಟೋಪಿ, ಮಫ್ಲರ್ ಹಾಕಿಕೊಂಡೇ ಹೊರಡಿ. ರಾತ್ರಿ ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ಅದರಿಂದ ಬರುವ ವಿಷಾನಿಲ ಪ್ರಾಣ ತೆಗೆಯುತ್ತದೆ.

ಮಕ್ಕಳೇ, ನಿಮಗೊಂದು ಜವಾಬ್ದಾರಿ. "ತಾತಾ, ಎದ್ದೇಳಿ, ಬಿಸಿಲಿಗೆ ಹೋಗಿ" ಎಂದರೆ ತಾತ ಏಳುವುದಿಲ್ಲ. "ತಾತಾ, ಈ ಪದ್ಯ ನನಗೆ ಬಾಯಿಗೆ ಬಂದಿದೆಯಾ ನೋಡಿ, ಜಗುಲಿ ಮೇಲೆ ಕೂತು ಒಪ್ಪಿಸ್ತೀನಿ" ಎಂದರೆ ಬಂದೇ ಬರುತ್ತಾರೆ. ಅಜ್ಜಿಗೆ ಅರ್ಧ ಸೇರು ಅವರೆಕಾಯಿ ಕೊಟ್ಟು ಪಕ್ಕದಲ್ಲಿ ಕೂರಿ. ಕಾಯಿ ಬಿಡಿಸುತ್ತಾ ಅವರು ಹೇಳುವ ಹಳೆಯ ಕತೆ ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ. ಅಜ್ಜ ಅಜ್ಜಿಯರೇ, ನಿಮ್ಮ ಪಾಲಿಗೂ ಒಂದು ಕೆಲಸ. ಪರೀಕ್ಷೆ ಹತ್ತಿರ ಬಂದಿದೆಯೆಂದು ಮೊಮ್ಮಕ್ಕಳನ್ನು ಕೋಣೆಯೊಳಗೇ ಕೂಡಿಹಾಕಬೇಡಿ. ಬೆಳಗಿನ ಓದು ಬೆಳಕಿನಲ್ಲಾಗಲಿ. ಸಂಜೆ ಅರ್ಧ ಗಂಟೆ ಆಟ ಇರಲಿ.

ಬಿಸಿಲಿಗೂ ಕರಗದಿದ್ದರೆ

ಎಲ್ಲ ದುಃಖವೂ ಚಳಿಗಾಲದ್ದಲ್ಲ. ವಡ್ಡಹಳ್ಳಿಯ ಮಾರುಕಟ್ಟೆಯಲ್ಲಿ ಟೊಮೇಟೊ ಬೆಲೆ ಬಿದ್ದು, ಕುಯ್ದ ಕೂಲಿಯೂ ಹುಟ್ಟದೆ ಮನೆಗೆ ಬಂದ ಅಪ್ಪನಿಗೆ 'ಬಿಸಿಲಿಗೆ ಕೂರು' ಎಂದರೆ ಸಾಲುತ್ತದೆಯೇ? ಅವರ ಮಾತು ಕೇಳಬೇಕು, ಸಾಲದ ಲೆಕ್ಕಕ್ಕೆ ಜೊತೆಯಾಗಬೇಕು. ಸಂಗಾತಿಯನ್ನು ಕಳೆದುಕೊಂಡ ಅಜ್ಜಿಯ ದುಃಖಕ್ಕೆ ಅದರದೇ ಕಾಲ ಬೇಕು. ಮೈಯ ಕಾಯಿಲೆಯೂ ಮನಸ್ಸಿನ ಮಂಕಿನ ವೇಷದಲ್ಲಿ ಬರುತ್ತದೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ ಇದ್ದರೂ ಹಿರಿಯರು ಹೀಗೆಯೇ ಸೊರಗುತ್ತಾರೆ.

ಹಾಗಾಗಿ ಒಂದು ಲೆಕ್ಕ ಇಟ್ಟುಕೊಳ್ಳಿ. ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಊಟ ಕೆಡುವುದು ಎರಡು ವಾರ ಬಿಡದೆ ಇದ್ದರೆ ಅದನ್ನು 'ವಯಸ್ಸು' ಎಂದೋ 'ಸೋಮಾರಿತನ' ಎಂದೋ ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸಾಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವೂ ಕರ್ನಾಟಕದಲ್ಲಿದೆ. ದಿನ, ಹೊತ್ತು ವಿಚಾರಿಸಿಕೊಂಡು ಹೋಗಿ. ಮನೆಯಿಂದಲೇ ಮಾತಾಡಬೇಕೆಂದರೆ 14416ಕ್ಕೆ ಫೋನ್ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಗಲೂ ರಾತ್ರಿಯೂ ತೆರೆದಿರುತ್ತದೆ. 'ಬದುಕೇ ಬೇಡ' ಎಂಬ ಮಾತು ಯಾರ ಬಾಯಿಂದ ಬಂದರೂ ಎರಡು ವಾರ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡದೆ ಆಗಲೇ ಸಹಾಯ ಕೇಳಿ. ಮಕ್ಕಳ ಕಿವಿಗೆ ಅಂಥ ಮಾತು ಬಿದ್ದರೆ ಗುಟ್ಟು ಮಾಡದೆ ದೊಡ್ಡವರಿಗೆ ಹೇಳಬೇಕು.

ತಾತ, ಮೊಮ್ಮಕ್ಕಳ ಸೂರ್ಯ ಪುಸ್ತಕ

ಕೊನೆಗೆ ಒಂದು ಒಗಟು. ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದು ತಾನೇ? ಹಾಗಾದರೆ ಸೂರ್ಯ ಅತಿ ತಡವಾಗಿ ಹುಟ್ಟುವುದು, ಅತಿ ಬೇಗ ಮುಳುಗುವುದು ಅಂದೇ ಇರಬೇಕಲ್ಲವೇ? ಅಲ್ಲ! ನಮ್ಮ ಸೀಮೆಯಲ್ಲಿ ಅವನು ಅತಿ ಬೇಗ ಮುಳುಗುವುದು ನವೆಂಬರ್ ತಿಂಗಳ ಮೂರನೆಯ ವಾರದ ಸುಮಾರಿಗೆ. ಅತಿ ತಡವಾಗಿ ಹುಟ್ಟುವುದು ಸಂಕ್ರಾಂತಿಯೂ ಕಳೆದ ಮೇಲೆ, ಜನವರಿಯ ಕೊನೆಯ ಭಾಗದಲ್ಲಿ. ಭೂಮಿಯ ಅಕ್ಷ ವಾಲಿರುವುದು ಮತ್ತು ಸೂರ್ಯನ ಸುತ್ತ ಅದರ ದಾರಿ ಪೂರ್ತಿ ದುಂಡಗಿಲ್ಲದಿರುವುದು ಇದಕ್ಕೆ ಕಾರಣ. ಹಬ್ಬ ಮುಗಿದ ಮೇಲೂ ಬೆಳಿಗ್ಗೆ ಕತ್ತಲೆ ಕತ್ತಲೆ ಎನ್ನಿಸುವುದು ನಿಮ್ಮ ಭ್ರಮೆಯಲ್ಲ. ಆದರೆ ಸಂಜೆಗಳು ಡಿಸೆಂಬರಿನ ಆರಂಭದಿಂದಲೇ ಸದ್ದಿಲ್ಲದೆ ಉದ್ದವಾಗುತ್ತಿರುತ್ತವೆ.

ನಂಬಿಕೆ ಬಾರದಿದ್ದರೆ ಪರೀಕ್ಷಿಸಿ ನೋಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಭಾನುವಾರ ಸೂರ್ಯ ಹುಟ್ಟಿದ ಹೊತ್ತು, ಮುಳುಗಿದ ಹೊತ್ತು ಬರೆದಿಡಿ. ಯಾವ ಮರದ, ಯಾವ ಗುಡ್ಡದ ಹಿಂದಿನಿಂದ ಹುಟ್ಟಿದ ಎಂಬ ಚಿತ್ರವನ್ನೂ ಬಿಡಿಸಿ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಅವನು ವಾರವಾರವೂ ಉತ್ತರಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಹೊತ್ತು ನೋಡಿ ಹೇಳುವ ಕೆಲಸ ತಾತನದು, ಬರೆಯುವ ಕೆಲಸ ನಿಮ್ಮದು. ಪಕ್ಕದಲ್ಲಿ ಅಜ್ಜಿ ಅವರೆಕಾಯಿ ಬಿಡಿಸುತ್ತಿರಲಿ. ಬರುವ ಭಾನುವಾರದಿಂದಲೇ ಶುರುಮಾಡಿ.